ಬೀಡಿ ಯಾರ ಆಯ್ಕೆ?

ನಮ್ಮಪ್ಪ ಮೂವತ್ತೊಂದು ವರ್ಷ ಶಿವಮೊಗ್ಗ–ತೀರ್ಥಹಳ್ಳಿ–ಕೊಪ್ಪ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸಿದವರು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಒಂಬತ್ತು ದಾಟಿರುತ್ತಿತ್ತು. ಅಮ್ಮ ಕಟ್ಟಿಕೊಟ್ಟ ಮೂರು ಡಬ್ಬಿಯ ಕ್ಯಾರಿಯರ್ ಡ್ರೈವರ್ ಸೀಟಿನ ಹಿಂದೆ ನೇತಾಡುತ್ತಿತ್ತು. ರಾತ್ರಿ ಅದನ್ನು ಕೈಗೆ ತಗೊಂಡ ಕೂಡಲೇ, ಮುಚ್ಚಳ ತೆಗೆಯುವ ಮೊದಲೇ, ತೂಕದಲ್ಲೇ ಅಮ್ಮನಿಗೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತಿತ್ತು. ಹೆಚ್ಚಿನ ದಿನ ಕೆಳಗಿನ ಡಬ್ಬಿಯ ಅನ್ನ ಮುಟ್ಟಿಯೇ ಇರುತ್ತಿರಲಿಲ್ಲ. ಬೀಡಿ ಮಾತ್ರ ದಿನಕ್ಕೆ ಎರಡು ಕಟ್ಟು ಖಾಲಿ.

ಐವತ್ತೆರಡನೇ ವಯಸ್ಸಿಗೆ ಎದೆ ಹಿಡಿದುಕೊಂಡಿತು. ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ಮಂಚದ ಪಕ್ಕ ನಿಂತು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಬೀಡಿ ಪೂರ್ತಿ ಬಿಡಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ದಿನಾ ಅರ್ಧ ಗಂಟೆ ನಡೀಬೇಕು. ಟೆನ್ಶನ್ ಮಾಡ್ಕೋಬಾರದು." ಒಂದೊಂದು ಮಾತೂ ಸರಿ. ಅಪ್ಪ ತಲೆಯಾಡಿಸಿ, "ಆಯ್ತು ಸಾರ್" ಅಂದರು. ನೋಡಲು ಬಂದ ನೆಂಟರೆಲ್ಲ ಹೊರಗೆ ಜಗಲಿಯಲ್ಲಿ ಕೂತು ಆಡಿದ್ದು ಒಂದೇ ಮಾತು: "ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅವರೇ ತಂದ್ಕೊಂಡಿದ್ದು."

ಆ ಮಾತು ನನ್ನನ್ನು ವರ್ಷಗಟ್ಟಲೆ ಕಾಡಿದೆ. ಅಪ್ಪನಿಗೆ ಬೀಡಿ ಸೇದು ಅಂತ ಯಾರೂ ಒತ್ತಾಯ ಮಾಡಿರಲಿಲ್ಲ, ನಿಜ. ಆದರೆ ಅವರ ದಿನವನ್ನು ಹತ್ತಿರದಿಂದ ನೋಡಿದವಳು ನಾನು. ರಜೆಯಲ್ಲಿ ಬಾನೆಟ್ ಪಕ್ಕದ ಸೀಟಿನಲ್ಲಿ ಕೂತು ಎಷ್ಟೋ ಟ್ರಿಪ್ಪು ಹೋಗಿದ್ದೇನೆ. ಖಾಸಗಿ ಬಸ್ಸಿಗೆ ಪರ್ಮಿಟ್ಟಿನಲ್ಲೇ ಟೈಮಿಂಗ್ ಇರುತ್ತದೆ: ಗಾಜನೂರಿಗೆ ಇಷ್ಟು ಹೊತ್ತಿಗೆ, ಮಂಡಗದ್ದೆಗೆ ಇಷ್ಟು ಹೊತ್ತಿಗೆ, ತೀರ್ಥಹಳ್ಳಿಗೆ ಇಷ್ಟು ಹೊತ್ತಿಗೆ. ಹಿಂದೆ ನಾಲ್ಕೈದು ನಿಮಿಷದ ಅಂತರದಲ್ಲಿ ಇನ್ನೊಂದು ಬಸ್ಸು. ತಡವಾದರೆ ಮುಂದಿನ ಸ್ಟಾಪಿನ ಜನ ಅವರ ಪಾಲು, ಸಂಜೆ ಕಲೆಕ್ಷನ್ ಕಮ್ಮಿ, ಮಾಲೀಕರ ಎದುರು ತಲೆ ತಗ್ಗಿಸಬೇಕು. ಬೇಗ ಬಂದರೆ ಮುಂದಿನ ಬಸ್ಸಿನವರ ಜೊತೆ ಜಗಳ. ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಗಡಿಯಾರ ನೋಡುತ್ತಾ ನಿಂತಿರುತ್ತಾನೆ. ತೀರ್ಥಹಳ್ಳಿಯಲ್ಲಿ ಕಾಗದದ ಮೇಲೆ ಹತ್ತು ನಿಮಿಷ ಹಾಲ್ಟು. ಮಳೆ, ರಸ್ತೆ ಗುಂಡಿ, ಅಡಿಕೆ ಮೂಟೆ ಇಳಿಸುವುದು ಎಲ್ಲ ಸೇರಿ ಕೈಗೆ ಸಿಗುತ್ತಿದ್ದುದು ಎರಡು, ಮೂರು ನಿಮಿಷ. ಎರಡು ನಿಮಿಷಕ್ಕೆ ಬೀಡಿ ಹಿಡಿಯುತ್ತದೆ, ಊಟ ಹಿಡಿಯುವುದಿಲ್ಲ.

ಕೆಲಸದ ಒತ್ತಡ ಮತ್ತು ಆರೋಗ್ಯದ ಬಗ್ಗೆ ಮಾತಾಡುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಪಟ್ಟಿ ಮಾಡುತ್ತೇವೆ. ಕೆಲಸದ ಭಾರ ಒಂದು ಕಡೆ; ಸಿಗರೇಟು, ಕುಡಿತ, ಊಟ, ವ್ಯಾಯಾಮ, ನಿದ್ದೆ ಎಂಬ "ವೈಯಕ್ತಿಕ ಆಯ್ಕೆ"ಗಳು ಇನ್ನೊಂದು ಕಡೆ. ಕಳೆದ ಎಪ್ಪತ್ತು ವರ್ಷದ ಸಂಶೋಧನೆ ನೋಡಿದರೆ ಈ ಗೆರೆ ಅಷ್ಟು ನೇರವಾಗಿಲ್ಲ. ಅದನ್ನು ತಿಳಿಯಲು ಬಸ್ಸಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಈ ವಿಷಯದ ದೊಡ್ಡ ಅಧ್ಯಯನಗಳಲ್ಲಿ ಕೆಲವು ಹುಟ್ಟಿದ್ದೇ ಬಸ್ಸಿನಲ್ಲಿ.

ಮೊದಲನೆಯದು ಲಂಡನ್ನಿನದು. ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕರ್ ಬಸ್ಸುಗಳ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ವರ್ಗದ ಜನ, ಹೆಚ್ಚುಕಮ್ಮಿ ಒಂದೇ ಸಂಬಳ. ಆದರೂ ಕೂತು ಓಡಿಸುವ ಡ್ರೈವರ್‌ಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗೆ ಹೃದ್ರೋಗ ಕಡಿಮೆ. ಮೈ ಬಗ್ಗಿಸಿದರೆ ಹೃದಯ ಉಳಿಯುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯ ಇದು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಸಮವಸ್ತ್ರ ಹೊಲಿಸುವ ಲೆಕ್ಕದ ಪುಸ್ತಕ ತರಿಸಿಕೊಂಡು ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಕೆಲಸಕ್ಕೆ ಸೇರುವಾಗಲೇ ಡ್ರೈವರ್‌ಗಳ ಸೊಂಟ ತುಸು ದಪ್ಪ ಇತ್ತು! ಅಂದರೆ ಯಾವ ಬಗೆಯ ಮನುಷ್ಯ ಯಾವ ಕೆಲಸಕ್ಕೆ ಹೋಗುತ್ತಾನೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತನ್ನದೇ ತೀರ್ಮಾನವನ್ನು ಹೀಗೆ ಮತ್ತೆ ತಿರುವಿ ನೋಡಿದ ಅವರ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಎರಡನೆಯದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು. ಅಪ್ಪನ ಕತೆಗೆ ಇದು ತುಂಬಾ ಹತ್ತಿರ. ಅಲ್ಲಿನ ಬಸ್ ಡ್ರೈವರ್‌ಗಳಲ್ಲಿ ಬಿಪಿ ಮಿಕ್ಕವರಿಗಿಂತ ಹೆಚ್ಚು ಎಂದು ಗೊತ್ತಾದಾಗ ಲಿಯೊನಾರ್ಡ್ ಸೈಮ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಕಾರಣ ಹುಡುಕಲು ಹೊರಟಿತು. ಬೇನೆಯ ಪಟ್ಟಿ ಉದ್ದ ಇತ್ತು: ಬಿಪಿ, ಹೊಟ್ಟೆಯ ತೊಂದರೆ, ಬೆನ್ನುನೋವು, ಕುಡಿತ. ಒಬ್ಬೊಬ್ಬ ಡ್ರೈವರ್‌ನನ್ನು ಕೂರಿಸಿಕೊಂಡು ಉಪ್ಪು ಬಿಡು, ಕುಡಿತ ಬಿಡು ಎಂದು ಹೇಳಬಹುದಿತ್ತು. ಬದಲಿಗೆ ಅವರು ಕೆಲಸವನ್ನೇ ನೋಡಿದರು. ಬಸ್ಸಿನ ವೇಳಾಪಟ್ಟಿ ನಿಜವಾದ ಟ್ರಾಫಿಕ್ಕಿಗೆ ಹೊಂದುವಂತೆಯೇ ಇರಲಿಲ್ಲ. ಯಾರು ಓಡಿಸಿದರೂ ಆ ಟೈಮಿಗೆ ಮುಟ್ಟುವುದು ಸಾಧ್ಯವಿಲ್ಲ. ಮುಟ್ಟದಿದ್ದರೆ ಬೈಗುಳ. ತಡ ಸರಿದೂಗಿಸಲು ಡ್ರೈವರ್‌ಗಳು ಕೊನೆ ಸ್ಟಾಪಿನ ವಿಶ್ರಾಂತಿ ಕೈಬಿಡುತ್ತಿದ್ದರು, ಸಿಕ್ಕಿದ್ದನ್ನು ಗಬಗಬ ತಿನ್ನುತ್ತಿದ್ದರು, ಶೌಚಕ್ಕೂ ಹೋಗುತ್ತಿರಲಿಲ್ಲ. ಪಾಳಿ ಮುಗಿದಾಗ ನರಗಳೆಲ್ಲ ಬಿಗಿದುಕೊಂಡಿರುತ್ತಿದ್ದವು. ಮನೆ ದೂರ, ರಸ್ತೆ ತುಂಬಾ ವಾಹನ. ಹಾಗಾಗಿ ಡಿಪೋ ಹತ್ತಿರದ ಬಾರಿನಲ್ಲಿ ಎರಡು ಗುಟುಕು ಹಾಕಿ ಹೊರಡುವುದು. ಮನೆ ಸೇರುವಾಗ ಮಕ್ಕಳು ಮಲಗಿರುತ್ತಿದ್ದರು. ಒಬ್ಬೊಬ್ಬರನ್ನೇ ನೋಡಿದರೆ ಇದು ಕುಡಿತದ ಚಟ. ನೂರಾರು ಜನರನ್ನು ಒಟ್ಟಿಗೆ ನೋಡಿದರೆ ಕೆಟ್ಟದಾಗಿ ಬರೆದ ಒಂದು ವೇಳಾಪಟ್ಟಿ.

ಇನ್ನು ಬಹಳ ಜನ ನಂಬಿರುವ ಒಂದು ಮಾತು: ದೊಡ್ಡ ಹುದ್ದೆಯವರಿಗೇ ಟೆನ್ಶನ್ ಜಾಸ್ತಿ, ಹಾರ್ಟ್ ಅಟ್ಯಾಕ್ ಆಗುವುದೂ ಅವರಿಗೇ. ಇದಕ್ಕೆ ವಿಜ್ಞಾನದ ಮುದ್ರೆಯೂ ಒಮ್ಮೆ ಬಿದ್ದಿತ್ತು. 1958ರಲ್ಲಿ ಜೋಸೆಫ್ ಬ್ರೇಡಿ ಎಂಬವರು ಕೋತಿಗಳನ್ನು ಜೋಡಿ ಜೋಡಿಯಾಗಿ ಕೂರಿಸಿ ಪ್ರಯೋಗ ಮಾಡಿದರು. ಒಂದು ಕೋತಿ ಸನ್ನೆ (ಲಿವರ್) ಒತ್ತಿದರೆ ಇಬ್ಬರಿಗೂ ಬೀಳಬೇಕಿದ್ದ ವಿದ್ಯುತ್ ಶಾಕ್ ತಪ್ಪುತ್ತದೆ. ಇನ್ನೊಂದರ ಕೈಯಲ್ಲಿ ಏನೂ ಇಲ್ಲ. ಹೊಟ್ಟೆಹುಣ್ಣಾಗಿದ್ದು ಜವಾಬ್ದಾರಿ ಹೊತ್ತ ಕೋತಿಗೆ. ಅದಕ್ಕೆ "ಅಧಿಕಾರಿ ಕೋತಿ" ಎಂದೇ ಹೆಸರು ಬಿತ್ತು. ಆಮೇಲೆ ಗೊತ್ತಾಯಿತು, ಆ ಆಯ್ಕೆಯಲ್ಲೇ ಎಡವಟ್ಟಾಗಿತ್ತು: ಮೊದಲೇ ಚುರುಕಾಗಿ ಸನ್ನೆ ಒತ್ತುತ್ತಿದ್ದ ಕೋತಿಗಳನ್ನೇ ಅಧಿಕಾರಿ ಮಾಡಿದ್ದರು. ಮುಂದೆ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಎಚ್ಚರಿಕೆಯಿಂದ ಇದೇ ಬಗೆಯ ಪ್ರಯೋಗ ಮಾಡಿದಾಗ ಫಲ ತಿರುಗುಮುರುಗು. ಎರಡೂ ಇಲಿಗೆ ಬೀಳುವ ಶಾಕ್ ಸಮಸಮ. ಆದರೆ ಚಕ್ರ ತಿರುಗಿಸಿ ಅದನ್ನು ನಿಲ್ಲಿಸಬಲ್ಲ ಇಲಿಗೆ ಹುಣ್ಣು ಕಡಿಮೆ, ಏನೂ ಮಾಡಲಾಗದೆ ಸುಮ್ಮನೆ ಅನುಭವಿಸುವ ಇಲಿಗೆ ಹೆಚ್ಚು. ನೋವು ಸಮವೇ ಇತ್ತು. ವ್ಯತ್ಯಾಸ ಇದ್ದದ್ದು ಚಕ್ರ ಯಾರ ಕೈಯಲ್ಲಿದೆ ಎಂಬುದರಲ್ಲಿ.

ಮನುಷ್ಯರ ವಿಷಯಕ್ಕೆ ಬಂದರೆ ಮೈಕೆಲ್ ಮಾರ್ಮಟ್ ಹೆಸರು ಹೇಳಲೇಬೇಕು. ಸೈಮ್ ಅವರ ಶಿಷ್ಯ. ಬ್ರಿಟನ್ನಿನ ಸರ್ಕಾರಿ ಕಚೇರಿಗಳಿರುವ ಬೀದಿ ವೈಟ್‌ಹಾಲ್. 1967ರಲ್ಲಿ ಅಲ್ಲಿನ ಸುಮಾರು 18,000 ಗಂಡಸು ನೌಕರರ ಮೇಲೆ ಶುರುವಾದ ಅಧ್ಯಯನವನ್ನು ಅವರು ಬೆಳೆಸಿದರು. ಇವರಲ್ಲಿ ಯಾರೂ ಕಡುಬಡವರಲ್ಲ. ಎಲ್ಲರಿಗೂ ಖಾಯಂ ಕೆಲಸ, ಪಿಂಚಣಿ, ಸರ್ಕಾರದ ಉಚಿತ ಆಸ್ಪತ್ರೆ. ಆದರೂ ಅತಿ ಕೆಳಗಿನ ದರ್ಜೆಯವರು, ಅಂದರೆ ನಮ್ಮಲ್ಲಿ ಜವಾನರು ಎನ್ನುವವರು, ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ನಡುವೆ ಇದ್ದವರು ಮೆಟ್ಟಿಲು ಮೆಟ್ಟಿಲಾಗಿ ನಡುವೆಯೇ: ಗುಮಾಸ್ತರು ಅಧಿಕಾರಿಗಿಂತ ಕೆಟ್ಟ ಸ್ಥಿತಿಯಲ್ಲಿ, ಜವಾನರಿಗಿಂತ ಒಳ್ಳೆಯ ಸ್ಥಿತಿಯಲ್ಲಿ.

ಸಿಗರೇಟು ಸೇದುವುದು ಕೆಳಗಿನವರಲ್ಲೇ ಜಾಸ್ತಿ ಇರಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಜಾಸ್ತಿಯೇ ಇತ್ತು. ಆದರೆ ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಅಂತರದ ಅರ್ಧಕ್ಕಿಂತ ಹೆಚ್ಚು ಪಾಲು ಹಾಗೇ ಉಳಿಯಿತು. ಅಷ್ಟೇ ಸಿಗರೇಟು ಸೇದುವ ಅಧಿಕಾರಿಗಿಂತ ಜವಾನನಿಗೆ ಹೃದ್ರೋಗದ ಅಪಾಯ ಹೆಚ್ಚು.

1985ರಲ್ಲಿ ಎರಡನೇ ಸುತ್ತು ಶುರುವಾಯಿತು, ಈ ಸಲ ಹೆಂಗಸರನ್ನೂ ಸೇರಿಸಿ 10,308 ನೌಕರರು. ನಿಮ್ಮ ಕೆಲಸವನ್ನು ಹೇಗೆ ಮಾಡಬೇಕು ಅಂತ ತೀರ್ಮಾನಿಸುವುದರಲ್ಲಿ ನಿಮ್ಮ ಮಾತು ನಡೆಯುತ್ತದೆಯೇ, ವೇಗ ನೀವೇ ಹೊಂದಿಸಿಕೊಳ್ಳಬಹುದೇ, ಯಾವಾಗ ಬಿಡುವು ತಗೋಬೇಕು ಎಂಬುದು ನಿಮ್ಮ ಕೈಯಲ್ಲಿದೆಯೇ ಎಂಬಂಥ ಪ್ರಶ್ನೆ ಕೇಳಿದರು. ಇವಕ್ಕೆ "ಇಲ್ಲ" ಎಂದವರಿಗೆ ಮುಂದಿನ ವರ್ಷಗಳಲ್ಲಿ ಹೃದ್ರೋಗ ಹೆಚ್ಚು ಬಂತು. ದರ್ಜೆ ದರ್ಜೆಯ ನಡುವಿನ ಅಂತರದ ದೊಡ್ಡ ಪಾಲು ಈ ಒಂದು ಸಂಗತಿಯಿಂದ ಅರ್ಥವಾಗುತ್ತಿತ್ತು.

ಇದಕ್ಕೆ ಒಂದು ಚೌಕಟ್ಟು ಕೊಟ್ಟವರು ರಾಬರ್ಟ್ ಕರಾಸೆಕ್, 1979ರಲ್ಲಿ. ಅವರ ಮಾತು ಸರಳ. ಕೆಲಸದ ಒತ್ತಡವನ್ನು ಬರೀ ಕೆಲಸದ ಭಾರದಿಂದ ಅಳೆಯಬೇಡಿ. ಭಾರ ಎಷ್ಟು, ಹಿಡಿತ ಎಷ್ಟು ಎಂದು ಎರಡನ್ನೂ ಒಟ್ಟಿಗೆ ನೋಡಿ. ಭಾರ ಜಾಸ್ತಿ, ಹಿಡಿತವೂ ಜಾಸ್ತಿ ಇದ್ದರೆ (ಆಪರೇಷನ್ ಮಾಡುವ ಸರ್ಜನ್, ಸುಗ್ಗಿಯಲ್ಲಿ ಸ್ವಂತ ಗದ್ದೆಯ ರೈತ) ಮನುಷ್ಯ ದಣಿಯುತ್ತಾನೆ, ಆದರೆ ಆ ದಣಿವಿನಲ್ಲಿ ಏನನ್ನೋ ಕಲಿಯುತ್ತಾನೆ, ಬೆಳೆಯುತ್ತಾನೆ. ಭಾರ ಜಾಸ್ತಿ, ಹಿಡಿತ ಕಮ್ಮಿ ಇದ್ದರೆ ಅದು ಮೈ ತಿನ್ನುತ್ತದೆ. ಬಸ್ ಡ್ರೈವರ್, ಗಾರ್ಮೆಂಟ್ಸಿನಲ್ಲಿ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಹೊತ್ತ ಟೈಲರ್, ಫೋನಿಟ್ಟ ಕೂಡಲೇ ಮುಂದಿನ ಕರೆ ತಾನೇ ಬಂದು ಬೀಳುವ ಕಾಲ್ ಸೆಂಟರ್ ಹುಡುಗಿ ಎಲ್ಲರೂ ಈ ಮೂಲೆಯವರು. ಜರ್ಮನಿಯ ಯೋಹಾನ್ನೆಸ್ ಜೀಗ್ರಿಸ್ಟ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು: ಹಾಕಿದ ಶ್ರಮಕ್ಕೆ ತಕ್ಕ ಸಂಬಳ, ಮರ್ಯಾದೆ, ಭದ್ರತೆ ಸಿಗದಿದ್ದರೂ ಅದೇ ಗತಿ. ಜೀವಮಾನವಿಡೀ ಒಂದು ಅಪಘಾತ ಮಾಡದ ಅಪ್ಪ ಹತ್ತು ನಿಮಿಷ ತಡವಾದದ್ದಕ್ಕೆ ಎಲ್ಲರೆದುರು ಬೈಸಿಕೊಂಡು ಬಂದ ರಾತ್ರಿಗಳು ನನಗೆ ನೆನಪಿವೆ. ಆ ರಾತ್ರಿ ಅವರು ಮಾತಾಡುತ್ತಿರಲಿಲ್ಲ. ಅಂಗಳದಲ್ಲಿ ಕತ್ತಲಲ್ಲಿ ಬೀಡಿಯ ಕೆಂಪು ತುದಿ ಮಾತ್ರ ಕಾಣುತ್ತಿತ್ತು.

ಇಷ್ಟಕ್ಕೂ ಬೈಗುಳ, ಗಡಿಯಾರ, ಟಾರ್ಗೆಟ್ಟು ರಕ್ತನಾಳದ ಒಳಗೆ ಹೋಗುವುದು ಹೇಗೆ? ಅಪಾಯ ಕಂಡ ಕೂಡಲೇ ಮೆದುಳು ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಸೂಚನೆ ಕಳಿಸುತ್ತದೆ. ಮೊದಲು ಅಡ್ರಿನಲಿನ್ ಬರುತ್ತದೆ: ಎದೆ ಡವಗುಟ್ಟುತ್ತದೆ, ಬಿಪಿ ಏರುತ್ತದೆ, ರಕ್ತ ಹೊಟ್ಟೆಯಿಂದ ಕೈಕಾಲಿಗೆ ಹರಿಯುತ್ತದೆ. ಕೆಲವು ನಿಮಿಷಗಳ ಮೇಲೆ ಕಾರ್ಟಿಸಾಲ್: ಪಿತ್ತಜನಕಾಂಗದಿಂದ ಸಕ್ಕರೆಯನ್ನು ರಕ್ತಕ್ಕೆ ಸುರಿಸುತ್ತದೆ. ಹಾವು ಕಂಡಾಗ ಹಾರಿ ಓಡಲು ಇದು ಬೇಕೇ ಬೇಕು. ಓಡಿ ಪಾರಾದರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ.

ಸ್ಟೇರಿಂಗ್ ಹಿಡಿದು ಕೂತವನು ಎಲ್ಲಿಗೆ ಓಡುತ್ತಾನೆ? ಮುಂದಿನ ಲಾರಿ ಜಾಗ ಬಿಡುತ್ತಿಲ್ಲ, ಹಿಂದಿನ ಬಸ್ಸು ಹಾರ್ನ್ ಹಾಕುತ್ತಿದೆ, ಮೈಯೊಳಗೆ ಓಟಕ್ಕೆ ಸಿದ್ಧವಾದ ಸಕ್ಕರೆ, ಕೊಬ್ಬು ಖರ್ಚಾಗದೆ ಸುತ್ತುತ್ತಿದೆ. ಹೀಗೆ ದಿನಕ್ಕೆ ಹತ್ತು ಸಲ, ವರ್ಷಕ್ಕೆ ಮುನ್ನೂರು ದಿನ. ಬಿಪಿ ಇಳಿಯುವುದನ್ನು ಮರೆಯುತ್ತದೆ. ಕೊಬ್ಬು ಹೊಟ್ಟೆಯ ಸುತ್ತ ಕೂರುತ್ತದೆ. ಇನ್ಸುಲಿನ್ ಮಾತನ್ನು ದೇಹ ಕೇಳುವುದು ಕಮ್ಮಿಯಾಗುತ್ತದೆ. ನಿದ್ದೆ ತೆಳ್ಳಗಾಗುತ್ತದೆ, ಮಾರನೆಯ ದಿನ ಅದೇ ಒತ್ತಡ ಇನ್ನಷ್ಟು ಭಾರವಾಗಿ ಬೀಳುತ್ತದೆ. ಬ್ರೂಸ್ ಮೆಕ್‌ಯೂವನ್ ಎಂಬ ನರವಿಜ್ಞಾನಿ 1993ರಲ್ಲಿ ಇದಕ್ಕೆ "ಅಲೋಸ್ಟ್ಯಾಟಿಕ್ ಲೋಡ್" ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಸವಕಳಿ ಎನ್ನಬಹುದು. ಬ್ರೇಕ್ ಲೈನರ್ ಸವೆದಂತೆ: ಒಂದೊಂದು ಸಲ ಒತ್ತಿದಾಗ ಏನೂ ಕಾಣದು, ಒತ್ತುತ್ತಲೇ ಇದ್ದರೆ ಒಂದು ದಿನ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ.

ಇದು ಒತ್ತಡ ನೇರವಾಗಿ ದೇಹಕ್ಕೆ ಹೋಗುವ ದಾರಿ. ಇನ್ನೊಂದು ದಾರಿ ಅಭ್ಯಾಸದ ಮೂಲಕ. ನಿಕೋಟಿನ್ ಒಂದೆರಡು ನಿಮಿಷ ಮನಸ್ಸನ್ನು ಹತೋಟಿಗೆ ತಂದಂತೆ ಅನ್ನಿಸುತ್ತದೆ, ಕುಡಿತ ಬಿಗಿದ ಮೈಯನ್ನು ಸಡಿಲಿಸುತ್ತದೆ, ಕರಿದದ್ದು, ಸಿಹಿ ಬೇಗ ಸಮಾಧಾನ ಕೊಡುತ್ತವೆ. ದಣಿದ ಮೆದುಳು ನಾಳೆಯ ಲಾಭಕ್ಕಿಂತ ಈಗಿನ ಸಮಾಧಾನವನ್ನು ಹುಡುಕುತ್ತದೆ. ವೈಟ್‌ಹಾಲ್ ನೌಕರರ ಮೇಲೆಯೇ 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಕೆಲಸದ ಒತ್ತಡದಿಂದ ಬರುವ ಹೃದ್ರೋಗದ ಸುಮಾರು 32% ಪಾಲು ಅಭ್ಯಾಸಗಳು ಮತ್ತು ಹೊಟ್ಟೆ ಬೊಜ್ಜು, ಬಿಪಿ, ಸಕ್ಕರೆಯ ಏರುಪೇರುಗಳ ಮೂಲಕ ಬಂದದ್ದು. ನೆಂಟರು "ಅವರೇ ತಂದ್ಕೊಂಡಿದ್ದು" ಅಂದ ಮಾತಿಗೆ ಈ ಅಂಕಿಯಲ್ಲಿ ಉತ್ತರವಿದೆ. ತಂದುಕೊಂಡ ಅಭ್ಯಾಸದಲ್ಲೂ ಒಂದು ಪಾಲು ಕೆಲಸ ತಂದುಕೊಟ್ಟದ್ದು.

ಹಾಗಂತ ಎಲ್ಲವನ್ನೂ ಕೆಲಸದ ತಲೆಗೆ ಕಟ್ಟಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. 2012ರಲ್ಲಿ ಮಿಕಾ ಕಿವಿಮಾಕಿ ನೇತೃತ್ವದ ತಂಡ ಯುರೋಪಿನ 13 ಅಧ್ಯಯನಗಳ ಸುಮಾರು 1,97,000 ಜನರ ಮಾಹಿತಿ ಒಟ್ಟುಮಾಡಿ ನೋಡಿತು. ಭಾರ ಹೆಚ್ಚು, ಹಿಡಿತ ಕಮ್ಮಿ ಇರುವ ಕೆಲಸದವರಿಗೆ ಹೃದ್ರೋಗದ ಅಪಾಯ 23% ಹೆಚ್ಚು. ಆದರೆ ಜನಸಮುದಾಯದ ಒಟ್ಟು ಹೃದ್ರೋಗದಲ್ಲಿ ಇದರ ಪಾಲು 3.4% ಮಾತ್ರ, ಧೂಮಪಾನದ ಪಾಲು ಅದೇ ಬರಹದಲ್ಲಿ 36%. ಅಂದರೆ ಡಾಕ್ಟರು ಬೀಡಿ ಬಿಡಿ ಎಂದು ಮೊದಲು ಹೇಳಿದ್ದು ನೂರಕ್ಕೆ ನೂರು ಸರಿ. ಬೀಡಿ ಬಿಡುವುದಕ್ಕಿಂತ ದೊಡ್ಡ ಔಷಧಿ ಅಪ್ಪನಿಗೆ ಯಾವುದೂ ಇರಲಿಲ್ಲ. ನನ್ನ ತಕರಾರು ಇರುವುದು ಬೀಡಿ ಬಿಡಿ ಎಂಬಲ್ಲಿಗೇ ಮಾತು ನಿಲ್ಲುವುದರ ಬಗ್ಗೆ. ಬೀಡಿ ಬಿಡಲು ಬೇಕಾದ ಹತ್ತು ನಿಮಿಷ ಕೊಡುವವರು ಯಾರು?

ನಮ್ಮ ಭಾಗದವರಿಗೆ ಈ ಪ್ರಶ್ನೆ ಇನ್ನೂ ಹೆಚ್ಚು ತಾಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಮೊದಲ ಹೃದಯಾಘಾತಕ್ಕೆ ಕಾರಣವಾಗುವ ಒಂಬತ್ತು ಅಂಶಗಳನ್ನು ಅದು ಗುರುತಿಸಿತು. ಮಾನಸಿಕ, ಸಾಮಾಜಿಕ ಒತ್ತಡ ಅವುಗಳಲ್ಲಿ ಒಂದು. ಇದೇ ಅಧ್ಯಯನದ ಮಾಹಿತಿಯಿಂದ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂಬುದೂ ಗೊತ್ತಾಯಿತು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲು ಸಾಲು ಹಠಾತ್ ಸಾವಿನ ಸುದ್ದಿ ಬಂದು, ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತದ್ದು ನೆನಪಿರಬಹುದು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಹೃದಯಾಘಾತ ದಿಢೀರನೆ ಏರಿಲ್ಲ, ಕಾರಣಗಳು ಹಳೆಯವೇ ಎಂದಿತು: ಸಕ್ಕರೆ, ಬಿಪಿ, ಧೂಮಪಾನ, ಕುಡಿತ. ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರ ಪಾಲು ಎದ್ದುಕಂಡಿತು. ಆ ಸುದ್ದಿ ಓದಿ ಅಪ್ಪ ಪೇಪರ್ ಮಡಿಸಿ ಸುಮ್ಮನೆ ಕೂತರು.

ದುಡಿಯುವ ಗಂಟೆಗಳ ಲೆಕ್ಕ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35%, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. 2016ರ ಒಂದೇ ವರ್ಷದಲ್ಲಿ ಹೀಗೆ 7,45,000 ಜನ ತೀರಿಕೊಂಡರು. ನಮ್ಮಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಐದು ಗಂಟೆ ಕೆಲಸದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದೂ ಬರೆಯಿತು. ಅಪ್ಪನಿಗೆ ಆ ಅರ್ಧ ಗಂಟೆ ಇದೆ ಎಂಬುದೇ ಗೊತ್ತಿರಲಿಲ್ಲ. ನಾನು ಓದಿ ಹೇಳಿದಾಗ, "ಹೌದಾ?" ಅಂತ ಎರಡು ಸಲ ಕೇಳಿದರು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ಗಂಟೆ ಹೆಚ್ಚಿಸುವ ಮಾತು ಬಂದಾಗೆಲ್ಲ "ಬೇಕಾದವರು ಮಾಡ್ತಾರೆ, ಅವರ ಇಷ್ಟ" ಎಂಬ ವಾದ ಜೊತೆಗೇ ಬರುತ್ತದೆ. 2024ರ ಜುಲೈನಲ್ಲಿ ರಾಜ್ಯದ ಐಟಿ ವಲಯದಲ್ಲಿ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾವ ಬಂದು ನೌಕರರ ಸಂಘಟನೆಗಳು ತಿರುಗಿಬಿದ್ದವು. ಇಷ್ಟಪಟ್ಟು ದುಡಿಯುವವರು ಇಲ್ಲವೆಂದಲ್ಲ. ಆದರೆ ಇಡೀ ಟೀಮು ಕೂತಿರುವಾಗ ಒಬ್ಬನೇ ಎದ್ದು ಹೋಗುವ ಧೈರ್ಯ ಎಷ್ಟು ಜನಕ್ಕಿದೆ? ಆಯ್ಕೆ ಎಂದರೆ ಬೇಡ ಅಂದರೂ ಏನೂ ಕಳೆದುಕೊಳ್ಳದಿರುವುದು. ಬೇಡ ಅಂದರೆ ಸಂಬಳದ ಏರಿಕೆ, ಪ್ರಮೋಷನ್ನು, ಕೆಲಸವೇ ಹೋಗುತ್ತದೆ ಎಂದಾದರೆ ಅದನ್ನು ಆಯ್ಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಊಟ ತಲುಪಿಸುವ ಹುಡುಗರ ವಿಷಯದಲ್ಲಿ ಈ ಮಾತು ಇನ್ನೂ ಸೂಕ್ಷ್ಮ. ಬೇಕಾದಾಗ ಲಾಗಿನ್, ಬೇಡವಾದಾಗ ಲಾಗೌಟ್, ನಿನಗೆ ನೀನೇ ಯಜಮಾನ ಎಂದು ಹೇಳಿ ಸೇರಿಸಿಕೊಳ್ಳುತ್ತಾರೆ. ಆದರೆ ಯಾವ ಆರ್ಡರ್, ಎಷ್ಟು ದೂರ, ಎಷ್ಟು ದುಡ್ಡು, ಯಾಕೆ ರೇಟಿಂಗ್ ಇಳಿಯಿತು, ಯಾಕೆ ಐಡಿ ಬ್ಲಾಕ್ ಆಯಿತು, ಯಾವುದೂ ಅವನ ಕೈಯಲ್ಲಿಲ್ಲ. ಟೈಮ್ ಕೀಪರ್ ಜೊತೆ ಅಪ್ಪ ಜಗಳವಾದರೂ ಆಡಬಹುದಿತ್ತು. ಆ್ಯಪಿನ ಜೊತೆ ಯಾರು ಜಗಳ ಆಡುತ್ತಾರೆ? 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ (ಹೀಗೆ ಆ್ಯಪಿನ ಮೂಲಕ ದುಡಿಯುವವರ) ಕಾಯ್ದೆ ಈ ನಿಟ್ಟಿನಲ್ಲಿ ಒಂದು ಹೆಜ್ಜೆ. ಷರತ್ತು ಬದಲಿಸುವ ಮೊದಲು ತಿಳಿಸಬೇಕು, ಕಂಪ್ಯೂಟರ್ ವ್ಯವಸ್ಥೆ ಹೇಗೆ ತೀರ್ಮಾನ ಮಾಡುತ್ತದೆ ಎಂಬ ಮಾಹಿತಿ ಕಾರ್ಮಿಕರಿಗೆ ಸಿಗಬೇಕು ಎಂದು ಅದು ಹೇಳುತ್ತದೆ. ಓದುವವರಿಗೆ ಇದು ಕಾಗದಪತ್ರದ ಮಾತು ಅನ್ನಿಸಬಹುದು. ನನಗೆ ಇದು ಬಿಪಿಯ ಮಾತೂ ಹೌದು.

ಕಚೇರಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಬೇರೆ. ಶುಕ್ರವಾರ ಯೋಗ, ಧ್ಯಾನದ ಆ್ಯಪು, ಒತ್ತಡ ನಿಭಾಯಿಸುವ ಕಾರ್ಯಾಗಾರ. ಯೋಗದ ಮೇಲೆ ನನಗೆ ಗೌರವವಿದೆ. ಅಮ್ಮ ದಿನಾ ಮಾಡುತ್ತಾಳೆ, ಅವಳಿಗೆ ಒಳ್ಳೆಯದಾಗಿದೆ. ಆದರೆ ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 46,336 ನೌಕರರ ಮಾಹಿತಿ ಪರಿಶೀಲಿಸಿದಾಗ, ಇಂಥ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಹೆಚ್ಚು ನೆಮ್ಮದಿಯಿಂದ ಇದ್ದಂತೆ ಕಾಣಲಿಲ್ಲ. ಕೆಲಸ ಹಾಗೇ ಇದ್ದು ಮನುಷ್ಯನನ್ನು ಮಾತ್ರ ರಿಪೇರಿ ಮಾಡಿದರೆ ಇಷ್ಟೇ.

ಕೆಲಸವನ್ನೇ ರಿಪೇರಿ ಮಾಡಿದ ಒಂದು ಉದಾಹರಣೆ ಮತ್ತೆ ಬಸ್ಸಿನದೇ. 1990ರ ದಶಕದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಒಂದು ಮಾರ್ಗದಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ ಹಾಕಿ, ಸಿಗ್ನಲ್‌ಗಳಲ್ಲಿ ಬಸ್ಸಿಗೆ ಆದ್ಯತೆ ಕೊಟ್ಟು, ಪ್ರಯಾಣಿಕರಿಗೆ ಸ್ಟಾಪಿನಲ್ಲೇ ಮಾಹಿತಿ ಸಿಗುವಂತೆ ಮಾಡಿದರು. ಉದ್ದೇಶ ಸಂಚಾರ ಸುಧಾರಣೆ. ಸಂಶೋಧಕರು ಡ್ರೈವರ್‌ಗಳ ಬಿಪಿ, ನಾಡಿಬಡಿತ ಅಳೆದರು. ಬೇರೆ ಮಾರ್ಗದವರಿಗೆ ಹೋಲಿಸಿದರೆ ಇವರದು ಇಳಿದಿತ್ತು, ಒತ್ತಡ ಕಮ್ಮಿ ಅನ್ನಿಸುತ್ತಿದೆ ಎಂದು ಅವರೂ ಹೇಳಿದರು. ಯಾರಿಗೂ ಮಾತ್ರೆ ಕೊಟ್ಟಿರಲಿಲ್ಲ, ಉಪನ್ಯಾಸ ಮಾಡಿರಲಿಲ್ಲ. ರಸ್ತೆಗೆ ಬಣ್ಣ ಬಳಿದಿದ್ದರು ಅಷ್ಟೆ. ಬೆಂಗಳೂರಿನಲ್ಲೂ 2019ರಲ್ಲಿ ಹೊರ ವರ್ತುಲ ರಸ್ತೆಯ ಸಿಲ್ಕ್‌ಬೋರ್ಡ್–ಕೆ.ಆರ್. ಪುರ ನಡುವೆ ಬಸ್ ಪಥ ಬಂದಿತ್ತು. ಪ್ರಯಾಣದ ಸಮಯದ ಬಗ್ಗೆ ಎಲ್ಲರೂ ಮಾತಾಡಿದರು. ಮೆಟ್ರೊ ಕಾಮಗಾರಿ ಶುರುವಾದಾಗ ಪಥವೇ ಹೋಯಿತು. ಅದರ ಜೊತೆ ಡ್ರೈವರ್‌ಗಳಿಗೆ ಏನು ಹೋಯಿತು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಅಪ್ಪನ ಲೈನಿನ ಆ ತುದಿಯಲ್ಲೇ, ಕೊಪ್ಪದಲ್ಲಿ, ಇನ್ನೊಂದು ಪ್ರಯತ್ನ ನಡೆದಿತ್ತು. ಅಲ್ಲಿನ ಖಾಸಗಿ ಬಸ್ ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ 1991ರಲ್ಲಿ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ದುಡಿಯುವವರೇ ಮಾಲೀಕರು. ಸುಮಾರು ಮೂರು ದಶಕ ಮಲೆನಾಡಿನ ಒಳಹಳ್ಳಿಗಳಿಗೆ ಆ ಬಸ್ಸುಗಳು ಓಡಿ, 2020ರಲ್ಲಿ ನಷ್ಟದಿಂದ ನಿಂತವು. ಅಪ್ಪ ಅಲ್ಲಿ ಕೆಲಸ ಮಾಡಿದವರಲ್ಲ. ಆದರೆ ಆ ಡ್ರೈವರ್‌ಗಳ ಬಗ್ಗೆ ಮಾತಾಡುವಾಗ "ಅವರು ಮೀಟಿಂಗಲ್ಲಿ ಎದ್ದು ನಿಂತು ಮಾತಾಡ್ತಿದ್ರು" ಅಂತ ಹೇಳುತ್ತಾರೆ, ದೊಡ್ಡ ಸಂಗತಿಯೊಂದನ್ನು ಹೇಳುವಂತೆ.

ಒಬ್ಬೊಬ್ಬರು ಮಾಡಬಹುದಾದ್ದು ಇಲ್ಲವೇ? ಇದೆ. ತಂಬಾಕು ಬಿಡುವುದು ಮೊದಲನೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಸಹಾಯ ಸಿಗುತ್ತದೆ. ಮೂವತ್ತು ದಾಟಿದವರು ಬಿಪಿ, ಸಕ್ಕರೆ ನೋಡಿಸಿಕೊಳ್ಳಬೇಕು, ಏಕೆಂದರೆ ಇವೆರಡೂ ಸದ್ದಿಲ್ಲದೆ ಬರುತ್ತವೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಇದರ ಜೊತೆಗೆ ಇನ್ನೊಂದು ಕೆಲಸ: ದಿನದಲ್ಲಿ ನಿಮ್ಮನ್ನು ಹಿಂಡುವ ಹೊತ್ತು ಯಾವುದು, ಅದನ್ನು ಬರೆದಿಟ್ಟವರು ಯಾರು, ಅದರಲ್ಲಿ ಯಾವುದನ್ನು ಕೇಳಿ ಬದಲಿಸಬಹುದು ಎಂದು ಜೊತೆಯವರ ಸಂಗಡ ಕೂತು ಪಟ್ಟಿ ಮಾಡಿ. ಒಬ್ಬರೇ ಕೇಳಿದರೆ ದೂರು, ಹತ್ತು ಜನ ಕೇಳಿದರೆ ಬೇಡಿಕೆ. ನಮ್ಮ ಕಂಡಕ್ಟರ್ ಹೆಣ್ಣುಮಕ್ಕಳು ನೀರಿನ ಬಾಟಲಿ ತುಂಬಿಸಿ ತಂದು ಗುಟುಕು ಗುಟುಕಾಗಿ ತುಟಿ ಒದ್ದೆ ಮಾಡಿಕೊಳ್ಳುವುದನ್ನು ನೋಡಿದ್ದೇನೆ, ಕೊನೆ ಸ್ಟಾಪಿನಲ್ಲಿ ಶೌಚಾಲಯ ಇಲ್ಲವಲ್ಲ ಅಂತ. ಅವರಿಗೆ ನೀರು ಜಾಸ್ತಿ ಕುಡಿಯಿರಿ ಎಂಬ ಸಲಹೆಗಿಂತ ಚಿಲಕವಿರುವ ಒಂದು ಬಾಗಿಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಮಾಲೀಕರು ಅವರನ್ನು ಬೇರೆ ಟೈಮಿಂಗಿನ ಬಸ್ಸಿಗೆ ಹಾಕಿದರು. ಅದಕ್ಕೆ ತೀರ್ಥಹಳ್ಳಿಯಲ್ಲಿ ಮಧ್ಯಾಹ್ನ ಇಪ್ಪತ್ತೈದು ನಿಮಿಷ ಬಿಡುವಿತ್ತು, ಹಿಂದೆ ಅಟ್ಟಿಸಿಕೊಂಡು ಬರುವ ಬಸ್ಸೂ ಇರಲಿಲ್ಲ. ಕೆಲವು ವಾರದಲ್ಲೇ ಕ್ಯಾರಿಯರ್ ಹಗುರವಾಗಿ ಮನೆಗೆ ಬರತೊಡಗಿತು. ಬೀಡಿ ಒಂದೇ ಸಲಕ್ಕೆ ನಿಲ್ಲಲಿಲ್ಲ. ಎರಡು ಕಟ್ಟು ಒಂದಾಯಿತು, ಅರ್ಧವಾಯಿತು, ಒಂದು ಮಳೆಗಾಲ ಜ್ವರ ಬಂದು ಮಲಗಿ ಎದ್ದವರು ಮತ್ತೆ ಮುಟ್ಟಲಿಲ್ಲ.

ನಿವೃತ್ತಿಯಾಗಿ ಈಗ ಆರು ವರ್ಷ. ಮನೆಯಲ್ಲಿ ಅವರನ್ನು ಅವಸರ ಮಾಡುವವರು ಯಾರೂ ಇಲ್ಲ. ಆದರೂ ಊಟಕ್ಕೆ ಕೂತರೆ ಐದೇ ನಿಮಿಷ. ಅಮ್ಮ ಮಜ್ಜಿಗೆ ಬಡಿಸಲು ಬಗ್ಗುವಷ್ಟರಲ್ಲಿ ಅಪ್ಪ ಕೈ ತೊಳೆಯಲು ಎದ್ದಿರುತ್ತಾರೆ.